ಪಾಸ್ ಇದ್ದವರು ತೋರಿಸಿ

ಕಾರವಾರ–ಅಂಕೋಲಾ, ಬೆಳಗಿನ ಏಳೂ ಮುಕ್ಕಾಲು.
ಬೈತಖೋಲ ದಾಟುವ ಮೊದಲೇ ಕೂಗುತ್ತೇನೆ:
ಪಾಸ್ ಇದ್ದವರು ತೋರಿಸಿ.
ಹತ್ತೊಂಬತ್ತು ವರ್ಷ ಕೂಗಿ ಕೂಗಿ
ಬಾಯಲ್ಲೇ ಸವೆದು ಗೋಲಿಯಾದ ಶಬ್ದ.

ಐಟಿಐ ಹುಡುಗರು ಕಿಸೆ ಮುಟ್ಟಿ ತೋರಿಸುತ್ತಾರೆ,
ಕಿಸೆಯೇ ಪಾಸು.
ಹುಡುಗಿಯರಿಗೀಗ ಸೊನ್ನೆ ರೂಪಾಯಿಯ ಟಿಕೇಟು,
ಪಾಸಿನ ಫೋಟೋಕ್ಕೆಂದು ಎರಡು ಜಡೆ ಹೆಣೆಯುವ ಗೋಜಿಲ್ಲ.
ಹಿಂದಿನ ಸೀಟಿನಿಂದ ಶೇಂಗಾ ಪೊಟ್ಟಣ ಮುಂದಕ್ಕೆ ಪಾಸಾಗುತ್ತದೆ,
ಕೈಯಿಂದ ಕೈಗೆ ಕರಗುತ್ತ;
ಅದಕ್ಕೂ ಟೈಂಪಾಸ್ ಎಂದೇ ಹೆಸರು.
ಕಿಟಕಿ ಪಕ್ಕದ ಗುತ್ತಿಗೆದಾರ ಫೋನಿನಲ್ಲಿ ಅಳುತ್ತಾನೆ:
ಬಿಲ್ ಪಾಸಾಗಿಲ್ಲ ಮಾರಾಯ, ಮಾರ್ಚಿಂದ.
ಸಕ್ಕರೆ ಕಾಯಿಲೆಯ ಮಾಸ್ತರು ಮೆಲ್ಲಗೆ ಬಂದು ಕಿವಿಯಲ್ಲಿ,
ಚೆಂಡಿಯೆಯಲ್ಲಿ ಒಂದು ನಿಮಿಷ ನಿಲ್ಲಿಸಿದರೆ...
ಪಾಸ್ ಮಾಡಬೇಕಿತ್ತು.
ಕನ್ನಡದಲ್ಲಿ ಹೇಳಲು ನಾಚುವುದನ್ನೆಲ್ಲ
ಒಂದೂವರೆ ಅಕ್ಷರದ ಇದು
ಹೊತ್ತು ಸಾಗಿಸುತ್ತದೆ, ಬಂದರಿನ ಹಮಾಲನ ಹಾಗೆ.

ನನಗೂ ಇದಕ್ಕೂ ಹಳೇ ಲೆಕ್ಕವಿದೆ.
ಎಸ್ಸೆಸ್ಸೆಲ್ಸಿ ಇಂಗ್ಲಿಷು ಎರಡು ಸಲ ಡುಮ್ಕಿ,
ಇಪ್ಪತ್ತೆಂಟು, ಆಮೇಲೆ ಮೂವತ್ತನಾಲ್ಕು.
ಉತ್ತೀರ್ಣ ಎಂದು ಅಂಕಪಟ್ಟಿಯಲ್ಲಿ ಬರೆಯುತ್ತಾರಂತೆ,
ಬಾಯಲ್ಲಿ ಯಾರೂ ಆಡಿದ್ದು ಕೇಳಿಲ್ಲ.
ಪಾಸ ಜಾಲೋ? ಎಂದಳು ಆಯಿ, ಬಾಂಗಡೆ ಕೊಯ್ಯುತ್ತ,
ತಲೆಯೆತ್ತದೆ, ಎರಡೂ ಸಲ.

ಮೂರನೆಯ ರಿಸಲ್ಟಿಗೆ ನಾಲ್ಕು ದಿನವಿರುವಾಗ
ಆಸ್ಪತ್ರೆಯ ಕಾರಿಡಾರಿನಲ್ಲಿ
ಹೊಸ ಡಾಕ್ಟರು, ಎಲ್ಲಿಯವರೋ, ಹೆಗಲ ಮೇಲೆ ಕೈಯಿಟ್ಟು
ಅಪ್ಪ ಪಾಸ್ಡ್ ಎಂದರು. ಮುಂದಿನ ಶಬ್ದ
ಟ್ರಾಲಿಯ ಗಾಲಿಗೆ ಸಿಕ್ಕಿ ಕೇಳಲಿಲ್ಲ.
ಅರೆಗಳಿಗೆ, ದೇವರಾಣೆ, ನಾನು ನಕ್ಕೆ.
ಮಾರ್ಕೆಷ್ಟು ಎಂದು ಕೇಳುವುದೊಂದು ಬಾಕಿ.
ಆ ನಗುವನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.
ಆ ವರ್ಷ ನಾನೂ ಪಾಸಾದೆ. ಮೂವತ್ತೈದು.

ಬಿಣಗಾ ಸುರಂಗ. ಸಿಗ್ನಲ್ಲು ಸಾಯುತ್ತದೆ,
ಗುತ್ತಿಗೆದಾರನ ಅಳು ನಡುವೆಯೇ ತುಂಡಾಗುತ್ತದೆ.
ಬೆಳಕಿಗೆ ಬಿದ್ದದ್ದೇ ನೇವಿಯ ಹುಡುಗನೊಬ್ಬ,
ಮೀಸೆ ಸರಿಯಾಗಿ ಮೊಳೆಯದವ,
ಗೇಟ್ ಕೇ ಪಾಸ್, ಎನ್ನುತ್ತಾನೆ.
ನೌಕರಿಯ ಮೊದಲ ವರ್ಷ ಇಂಥವನೊಬ್ಬನಿಗೆ
ಗೇಟ್ ಪಾಸು ಬಸ್ಸಿಗೆ ನಡೆಯಲ್ಲ ಮಗಾ, ದುಡ್ಡು ಕೊಡು
ಎಂದು ಜಗಳಕ್ಕೆ ನಿಂತು
ಇಡೀ ಬಸ್ಸು ನಕ್ಕಿತ್ತು.
ಅವರ ಮಾತಿನಲ್ಲಿ ಅದು ಹತ್ತಿರ ಅಂತ.
ಎಷ್ಟೋ ದೂರದಿಂದ ಬಂದವರ ಹತ್ತಿರ.

ಅರ್ಗಾದಲ್ಲಿ ಇಳಿಯುವ ಇನ್ನೊಬ್ಬ ಬುದವಂತ ಹರಿಕಂತ್ರ.
ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮಾರನೆ ದಿನ.
ಚಿಲ್ಲರೆ ಎಣಿಸಿಕೊಟ್ಟು ಟಿಕೇಟು ತಗೊಳ್ಳುತ್ತಾನೆ.
ತಗೊಂಡ ಮೇಲೂ ಚಡ್ಡಿಯ ಕಿಸೆಯಿಂದ
ಪ್ಲಾಸ್ಟಿಕ್ ಹೊದೆಸಿದ ಚೀಟಿಯೊಂದನ್ನು ತೆಗೆದು
ನನ್ನ ಮುಂದೆ ಹಿಡಿಯುತ್ತಾನೆ.
ಗೇಟ್ ಪಾಸು. ಮೂರು ದಿನದ್ದು.
ಕಾರಣ: ಹಂಚು, ಬಾಗಿಲು, ಒರಳು ಸಾಗಾಟ.
ಫೋಟೋದಲ್ಲಿ ತಲೆತುಂಬ ಕಪ್ಪು ಕೂದಲು.
ತಾರೀಖು ನಾನು ಈ ಸೀಟಿ ಊದುವ ಮೊದಲಿನದು.
ಹಂಚು ಬಂತು, ಬಾಗಿಲು ಬಂತು.
ಹೂತಿದ್ದ ಒರಳು ಏಳಲಿಲ್ಲ. ಅಲ್ಲೇ ಇದೆ.

ಸಲ್ಲು ಎಂಬುದು ನಮ್ಮ ಮಾತು.
ಸವೆದ ನಾಣ್ಯ ಸಲ್ಲುವುದಿಲ್ಲ,
ಆದರೆ ಕಾಲ ಸಲ್ಲುತ್ತದೆ, ಹೋದವರು ಸಂದವರು.
ನಡೆಯುವುದಕ್ಕೂ ಮುಗಿಯುವುದಕ್ಕೂ ಅದೊಂದೇ.
ಮನೆಯಲ್ಲೇ ಇದ್ದ ಇದು ನನಗೆ ಹೊಳೆದದ್ದು
ಆ ಚೀಟಿ ಓದುತ್ತ, ಎಷ್ಟನೆಯ ಸಲವೋ.

ಓದುತ್ತೇನೆ. ಹೆಸರು, ಊರು, ಸಹಿ, ಶಿಕ್ಕೆ.
ಫೋಟೋ ನೋಡಿ ಮುಖ ನೋಡುತ್ತೇನೆ, ಸಾವಕಾಶ.
ಸರಿ, ಎಂದು ತಿರುಗಿ ಕೊಡುತ್ತೇನೆ.
ನೇವಿಯ ಹುಡುಗ ಕಾರ್ಡು ತೋರಿಸಿ ಒಳಗೆ.
ಬುದವಂತ ಬೇಲಿಯ ಬುಡದಲ್ಲಿ ನಿಂತಿದ್ದಾನೆ,
ಗೇಟ್ ಕೇ ಪಾಸ್.

ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾನೆ.
ರೈಟ್, ಎನ್ನಬೇಕು ನಾನು.
ಆ ಶಬ್ದಕ್ಕೆ ಎಷ್ಟು ಅರ್ಥವೋ, ಇವತ್ತು ಬೇಡ.
ಗಂಟೆಯ ಹಗ್ಗ ಎರಡು ಸಲ ಎಳೆಯುತ್ತೇನೆ.